‘ಚಾರ್ಜ್’ ಅಂದರೆ ಯಾವ ಚಾರ್ಜ್? ಒಂದು ಇಂಗ್ಲಿಷ್ ಪದದ ಹತ್ತಾರು ಅರ್ಥ ಬಿಡಿಸಿಕೊಳ್ಳುವ ದಾರಿ

ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ‘ಚಾರ್ಜ್’ ಎಂಬ ಪದ ಕಿವಿಗೆ ಬಿದ್ದೇ ಬೀಳುತ್ತದೆ. ಮೊಬೈಲ್‌ನಲ್ಲಿ ಚಾರ್ಜ್ ಇಲ್ಲ. ಹೊಸದುರ್ಗಕ್ಕೆ ಬಸ್ ಚಾರ್ಜ್ ಎಷ್ಟು? ಹೊಸ ಸಾಹೇಬರು ಸೋಮವಾರ ಚಾರ್ಜ್ ತಗೊಂಡರಂತೆ. ಆ ಕೇಸಿನಲ್ಲಿ ಚಾರ್ಜ್‌ಶೀಟ್ ಹಾಕಿದರಾ? ಮಾವನವರನ್ನು ದಾವಣಗೆರೆ ಆಸ್ಪತ್ರೆಯಿಂದ ನಾಳೆ ಡಿಸ್‌ಚಾರ್ಜ್ ಮಾಡುತ್ತಾರೆ. ಯಾರಿಗೂ ಗೊಂದಲವಿಲ್ಲ. ಯಾರೂ ನಿಘಂಟು ತೆಗೆಯುವುದಿಲ್ಲ.

ತೊಂದರೆ ಶುರುವಾಗುವುದು ಅದೇ ಪದ ಇಂಗ್ಲಿಷ್ ಕಾಗದದಲ್ಲಿ ಬಂದಾಗ. ಬ್ಯಾಂಕಿನ ಪತ್ರ, ಆಸ್ಪತ್ರೆಯ ಚೀಟಿ, ಕೋರ್ಟಿನ ನೋಟಿಸು, ಪರೀಕ್ಷೆಯ ಪ್ರಶ್ನೆಪತ್ರಿಕೆ, ಎಲ್ಲ ಕಡೆಯೂ ‘ಚಾರ್ಜ್’ ಇದೆ. ನಿಘಂಟು ತೆರೆದರೆ ಒಂದರ ಕೆಳಗೆ ಒಂದು ಅರ್ಥ. ಯಾವುದನ್ನು ಹಿಡಿಯೋದು? ಪಿಯುಸಿ ಓದುವ ಮಕ್ಕಳಿಗೆ, ಕೆಲಸಕ್ಕೆ ಪರೀಕ್ಷೆ ಬರೆಯುವವರಿಗೆ, ಮನೆಯಲ್ಲಿ ‘ಇದನ್ನ ಸ್ವಲ್ಪ ಓದಿ ಹೇಳಪ್ಪ’ ಅಂತ ಕಾಗದ ಕೈಗೆ ಬರುವವರಿಗೆ ಈ ಲೇಖನ.

ಮೊದಲ ಹೆಜ್ಜೆ: ‘ಹೇರು’ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ

ನಿಘಂಟಿನ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಸುಮ್ನೆ ಕಷ್ಟ. ಬೇರು ಹಿಡಿದರೆ ಉಳಿದದ್ದು ತಾನಾಗಿ ಬರುತ್ತದೆ.

ಲ್ಯಾಟಿನ್ ಭಾಷೆಯಲ್ಲಿ ‘ಕಾರ್ರುಸ್’ ಅಂದರೆ ಬಂಡಿ. ಬಂಡಿಗೆ ಸರಕು ಹೇರುವುದಕ್ಕೆ ಅದರಿಂದಲೇ ಒಂದು ಪದ ಹುಟ್ಟಿತು. ಅದು ಹಳೆಯ ಫ್ರೆಂಚ್ ದಾಟಿ 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂದು ‘ಚಾರ್ಜ್’ ಆಯಿತು. ನಾವು ಓಡಿಸುವ ‘ಕಾರು’, ಹಡಗಿನಲ್ಲಿ ಹೋಗುವ ‘ಕಾರ್ಗೋ’ ಎರಡೂ ಇದೇ ಮನೆತನದವು. ಅಂದರೆ ಚಾರ್ಜ್ ಅಂದರೆ ಮೊದಲಿಗೆ ಹೇರುವುದು, ಹೊರಿಸುವುದು. ಹೆಸರಾಗಿ ಬಂದರೆ ಹೊರೆ.

ಈಗ ಕನ್ನಡ ನೋಡಿ. ನಾವು ತೆರಿಗೆ ಹೇರುತ್ತೇವೆ. ಆರೋಪ ಹೊರಿಸುತ್ತೇವೆ. ಹೊಣೆ ಹೊರುತ್ತೇವೆ. ಅಧಿಕಾರ ವಹಿಸಿಕೊಳ್ಳುತ್ತೇವೆ. ಆ ‘ವಹಿಸು’ ಕೂಡ ಮೂಲದಲ್ಲಿ ಹೊರುವುದೇ. ಸರ್ಕಾರಿ ಕಚೇರಿಯ ‘ಪ್ರಭಾರ’ ಎಂಬ ಪದದಲ್ಲಿ ‘ಭಾರ’ ಕಣ್ಣಿಗೇ ಕಾಣುತ್ತದೆ. ಇಂಗ್ಲಿಷಿನವರು ಒಂದೇ ಪದದಲ್ಲಿ ಮುಗಿಸಿದ ಕೆಲಸವನ್ನು ನಾವು ನಾಲ್ಕು ಪದದಲ್ಲಿ ಮಾಡುತ್ತೇವೆ, ಆದರೆ ದಾರಿ ಮಾತ್ರ ಒಂದೇ.

ಹಾಗಾಗಿ ‘ಚಾರ್ಜ್’ ಕಂಡ ಕೂಡಲೇ ಎರಡು ಪ್ರಶ್ನೆ ಕೇಳಿ. ಏನನ್ನು ಹೇರಿದ್ದಾರೆ? ಯಾರ ಮೇಲೆ? ದುಡ್ಡು ಹೇರಿದ್ದರೆ ಅದು ಬಿಲ್ಲು. ತಪ್ಪು ಹೊರಿಸಿದ್ದರೆ ಕೇಸು. ಕೆಲಸ ಹೊರಿಸಿದ್ದರೆ ಹುದ್ದೆ. ಕರೆಂಟು ತುಂಬಿದ್ದರೆ ಬ್ಯಾಟರಿ. ಮುಕ್ಕಾಲು ಪಾಲು ವಾಕ್ಯಗಳು ಇಷ್ಟಕ್ಕೇ ಬಿಡಿಸಿಕೊಳ್ಳುತ್ತವೆ.

ಎರಡನೇ ಹೆಜ್ಜೆ: ಪಕ್ಕದ ಚಿಕ್ಕ ಪದ ನೋಡಿ

ಈ ಮೂರು ವಾಕ್ಯ ಓದಿ.

ದೇ ಚಾರ್ಜ್ಡ್ ಮೀ ಫಾರ್ ದಿ ಟೀ.
ದೇ ಚಾರ್ಜ್ಡ್ ಮೀ ವಿತ್ ಥೆಫ್ಟ್.
ದೇ ಚಾರ್ಜ್ಡ್ ಅಟ್ ಮೀ.

ಮೊದಲನೆಯದರಲ್ಲಿ ನನ್ನ ಹತ್ತಿರ ಟೀ ದುಡ್ಡು ತಗೊಂಡರು. ಎರಡನೆಯದರಲ್ಲಿ ನನ್ನ ಮೇಲೆ ಕಳ್ಳತನದ ಆರೋಪ ಹೊರಿಸಿದರು. ಮೂರನೆಯದರಲ್ಲಿ ನನ್ನ ಮೇಲೆ ನುಗ್ಗಿ ಬಂದರು. ಎಲ್ಲ ಪದಗಳೂ ಹೆಚ್ಚು ಕಡಿಮೆ ಅವೇ. ಬದಲಾಗಿದ್ದು ‘ಫಾರ್’, ‘ವಿತ್’, ‘ಅಟ್’ ಅಷ್ಟೇ. ಪರೀಕ್ಷೆಯಲ್ಲಿ ಖಾಲಿ ಜಾಗ ತುಂಬುವ ಪ್ರಶ್ನೆ ಕೇಳುವವರಿಗೆ ಈ ಜಾಗ ತುಂಬಾ ಇಷ್ಟ. ‘ಚಾರ್ಜ್ಡ್’ ಆದ ಮೇಲೆ ಅಪರಾಧದ ಹೆಸರು ಬಂದರೆ ‘ವಿತ್’ ಹಾಕಬೇಕು. ‘ಅಕ್ಯೂಸ್ಡ್’ ಆದರೆ ‘ಆಫ್’ ಬರುತ್ತದೆ. ಈ ಎರಡನ್ನು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುವವರು ಜಾಸ್ತಿ.

ನಾಲ್ಕನೆಯದು ‘ಇನ್ ಚಾರ್ಜ್ ಆಫ್’. ಇದರ ಮಧ್ಯೆ ‘ದಿ’ ಸೇರಿದರೆ ಅರ್ಥ ತಲೆಕೆಳಗಾಗುತ್ತದೆ. ‘ದಿ ನರ್ಸ್ ಈಸ್ ಇನ್ ಚಾರ್ಜ್ ಆಫ್ ದಿ ಚೈಲ್ಡ್’ ಅಂದರೆ ಮಗುವನ್ನು ನೋಡಿಕೊಳ್ಳುವವರು ನರ್ಸ್. ‘ದಿ ಚೈಲ್ಡ್ ಈಸ್ ಇನ್ ದಿ ಚಾರ್ಜ್ ಆಫ್ ದಿ ನರ್ಸ್’ ಅಂದರೂ ಮಗು ಇರುವುದು ನರ್ಸ್ ಸುಪರ್ದಿಯಲ್ಲೇ. ಆದರೆ ಈಗ ವಾಕ್ಯ ಶುರುವಾಗಿದ್ದು ಮಗುವಿನಿಂದ. ಆ ಒಂದು ‘ದಿ’ ಬಿಟ್ಟರೆ ಮಗುವೇ ನರ್ಸನ್ನು ನೋಡಿಕೊಂಡ ಹಾಗಾಗುತ್ತದೆ!

ಮೂರನೇ ಹೆಜ್ಜೆ: ದುಡ್ಡಿನ ಚಾರ್ಜ್ ಎಲ್ಲಿ ಸರಿ, ಎಲ್ಲಿ ತಪ್ಪು

ಕನ್ನಡದಲ್ಲಿ ನಾವು ಎಲ್ಲ ದುಡ್ಡಿಗೂ ಚಾರ್ಜ್ ಅಂತೀವಿ. ಬಸ್ ಚಾರ್ಜ್, ಡಾಕ್ಟರ್ ಚಾರ್ಜ್, ಆಟೋ ಚಾರ್ಜ್. ಮಾತಿನಲ್ಲಿ ಇದಕ್ಕೆ ಯಾರೂ ತಕರಾರು ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಆದರೆ ಇಂಗ್ಲಿಷಿನಲ್ಲಿ ಬರೆಯುವಾಗ ಪ್ರಯಾಣದ ದುಡ್ಡಿಗೆ ‘ಫೇರ್’. ಡಾಕ್ಟರು, ವಕೀಲರು, ಶಾಲೆ ತಗೊಳ್ಳುವುದು ‘ಫೀ’. ಸಾಮಾನಿನ ಬೆಲೆ ‘ಪ್ರೈಸ್’. ಹೆದ್ದಾರಿಯಲ್ಲಿ ಕಟ್ಟುವುದು ‘ಟೋಲ್’. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೆ ‘ಫೈನ್’. ಒಂದು ಸೇವೆಗೆ ತಗೊಳ್ಳುವುದು ‘ಚಾರ್ಜ್’. ಪಾರ್ಸೆಲ್ ಚಾರ್ಜ್, ಡೆಲಿವರಿ ಚಾರ್ಜ್, ಎಪಿಎಂಸಿ ಪಟ್ಟಿಯಲ್ಲಿ ಬರುವ ಹಮಾಲಿ ಚಾರ್ಜ್ ಎಲ್ಲ ಸರಿಯಾದ ಬಳಕೆ. ಹಮಾಲಿ ಚಾರ್ಜ್ ಅಂತೂ ಪದದ ಹುಟ್ಟಿಗೇ ವಾಪಸ್ ಹೋದ ಹಾಗಿದೆ. ಮೂಟೆ ಹೊತ್ತಿದ್ದಕ್ಕೆ ಹಾಕುವ ಹೊರೆ.

ದುಡ್ಡು ತಗೊಳ್ಳದಿದ್ದರೆ ‘ಫ್ರೀ ಆಫ್ ಚಾರ್ಜ್’. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಹೋಗುವುದು ಹೀಗೆ. ‘ಫ್ರೀ ಆಫ್ ಕಾಸ್ಟ್’ ಅಂತಲೂ ನಮ್ಮ ಕಡೆ ಧಾರಾಳವಾಗಿ ಬರೆಯುತ್ತಾರೆ. ಪರೀಕ್ಷೆಯಲ್ಲಿ ‘ಫ್ರೀ ಆಫ್ ಚಾರ್ಜ್’ ಬರೆದರೆ ಕ್ಷೇಮ.

ಮನೆಯ ಕರೆಂಟ್ ಬಿಲ್ಲು ಒಮ್ಮೆ ಕೈಗೆತ್ತಿಕೊಳ್ಳಿ. ಬೆಸ್ಕಾಂ ಬಿಲ್ಲಿನಲ್ಲಿ ‘ಫಿಕ್ಸ್ಡ್ ಚಾರ್ಜ್’ ಬೇರೆ, ‘ಎನರ್ಜಿ ಚಾರ್ಜ್’ ಬೇರೆ. ನೀವು ಉರಿಸಿದ ಯೂನಿಟ್ಟಿಗೆ ಕಟ್ಟುವುದು ಎನರ್ಜಿ ಚಾರ್ಜ್. ಫಿಕ್ಸ್ಡ್ ಚಾರ್ಜ್ ಹಾಗಲ್ಲ. ನಿಮ್ಮ ಮನೆಗೆ ಎಷ್ಟು ಕಿಲೋವ್ಯಾಟ್ ಲೋಡ್ ಮಂಜೂರಾಗಿದೆ ಅನ್ನುವುದರ ಮೇಲೆ ಅದು ನಿಂತಿದೆ. ಮನೆ ಬೀಗ ಹಾಕಿ ಊರಿಗೆ ಹೋದರೂ ಲೋಡ್ ಮಂಜೂರಾಗಿರುತ್ತದಲ್ಲ, ಅದಕ್ಕೆ ಹಾಕುವ ದುಡ್ಡು ಅದು. ‘ನಾವು ಇರಲೇ ಇಲ್ಲ, ಬಿಲ್ಲು ಹೇಗೆ ಬಂತು?’ ಅಂತ ಜಗಳಕ್ಕೆ ಹೋಗುವ ಮೊದಲು ಈ ಸಾಲು ನೋಡಿ.

ಹೋಟೆಲಿನ ‘ಸರ್ವಿಸ್ ಚಾರ್ಜ್’ ಬಗ್ಗೆಯೂ ಒಂದು ಮಾತು. ನಮ್ಮ ಬೆಣ್ಣೆದೋಸೆ ಹೋಟೆಲುಗಳಲ್ಲಿ ಈ ಕಾಟ ಇಲ್ಲ. ದೊಡ್ಡ ಊರಿನ ರೆಸ್ಟೋರೆಂಟಿಗೆ ಹೋದಾಗ ಬಿಲ್ಲಿನ ಕೆಳಗೆ ಕಾಣಿಸಬಹುದು. ಇದು ಜಿಎಸ್‌ಟಿ ಅಲ್ಲ. ಜಿಎಸ್‌ಟಿ ಸರ್ಕಾರಕ್ಕೆ ಹೋಗುವ ತೆರಿಗೆ, ಕಟ್ಟಲೇಬೇಕು. ಸರ್ವಿಸ್ ಚಾರ್ಜ್ ಹೋಟೆಲಿನವರೇ ಸೇರಿಸುವ ದುಡ್ಡು. ಅದನ್ನು ಬಿಲ್ಲಿಗೆ ತಾವಾಗಿ ಸೇರಿಸಬಾರದು, ಕೊಡಲೇಬೇಕು ಅಂತ ಒತ್ತಾಯ ಮಾಡಬಾರದು ಎಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ‘ಇದನ್ನ ತೆಗೀರಿ’ ಅಂತ ಮರ್ಯಾದೆಯಿಂದ ಕೇಳಬಹುದು.

ದುಡ್ಡಿನ ಗುಂಪಿಗೇ ಸೇರುವ, ಆದರೆ ತುಂಬಾ ಜನ ಓದದೇ ಬಿಡುವ ಚಾರ್ಜ್ ಒಂದಿದೆ. ‘ದಿ ಬ್ಯಾಂಕ್ ಹ್ಯಾಸ್ ಎ ಚಾರ್ಜ್ ಆನ್ ದಿ ಲ್ಯಾಂಡ್.’ ಇಲ್ಲಿ ಯಾರೂ ಫೀ ಕೇಳುತ್ತಿಲ್ಲ. ಆ ಜಮೀನಿನ ಮೇಲೆ ಬ್ಯಾಂಕಿನ ಸಾಲದ ಹೊರೆ ಇದೆ ಅಂತ ಅರ್ಥ. ಸಾಲ ತೀರದಿದ್ದರೆ ಜಮೀನಿನಿಂದಲೇ ವಸೂಲಿ ಮಾಡಿಕೊಳ್ಳುವ ಹಕ್ಕು ಬ್ಯಾಂಕಿಗೆ ಇರುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 100ನೇ ಸೆಕ್ಷನ್ ಮಾತಾಡುವುದು ಈ ಚಾರ್ಜ್ ಬಗ್ಗೆ. ಕನ್ನಡದಲ್ಲಿ ‘ಋಣಭಾರ’ ಅನ್ನುತ್ತೇವೆ. ಜಮೀನು ಕೊಳ್ಳುವವರು ಪಹಣಿಯ ಜೊತೆಗೆ ಇಸಿಯನ್ನೂ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡುವುದು ಇದಕ್ಕೇ.

ನಾಲ್ಕನೇ ಹೆಜ್ಜೆ: ಕೇಸಿನ ಚಾರ್ಜ್

ಇಲ್ಲಿ ಪದ ತಪ್ಪಾದರೆ ಒಬ್ಬರ ಮಾನ ಹೋಗುತ್ತದೆ. ಆದ್ದರಿಂದ ನಿಧಾನವಾಗಿ ಓದಿ.

ದೂರು ಬಂದ ಮೇಲೆ ಪೊಲೀಸರು ಎಫ್‌ಐಆರ್ ದಾಖಲಿಸುತ್ತಾರೆ. ತನಿಖೆ ಮುಗಿದ ಮೇಲೆ, ಸಾಕ್ಷಿ ಇದೆ ಅನಿಸಿದರೆ ಕೋರ್ಟಿಗೆ ವರದಿ ಕೊಡುತ್ತಾರೆ. ಅದು ಚಾರ್ಜ್‌ಶೀಟ್. ಕನ್ನಡದಲ್ಲಿ ಆರೋಪಪಟ್ಟಿ, ದೋಷಾರೋಪ ಪಟ್ಟಿ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ ಈ ವರದಿಯ ಮಾತು ಇರುವುದು 193ನೇ ಸೆಕ್ಷನ್ನಿನಲ್ಲಿ. ಆರೋಪಿ ಜೈಲಿನಲ್ಲಿದ್ದರೆ, ಅಪರಾಧ ಎಂಥದ್ದು ಅನ್ನುವುದನ್ನು ನೋಡಿಕೊಂಡು 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಹಾಕಬೇಕು. ಹಾಕದಿದ್ದರೆ ಆರೋಪಿಗೆ ಜಾಮೀನು ಕೇಳುವ ಹಕ್ಕು ಬರುತ್ತದೆ. ‘ಚಾರ್ಜ್‌ಶೀಟ್ ಹಾಕಿಲ್ಲ, ಬೇಲ್ ಆಯ್ತು’ ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅದು ಇದೇ.

ಚಾರ್ಜ್‌ಶೀಟ್ ಬಂದ ಮೇಲೆ ಕೋರ್ಟು ಅದನ್ನು ನೋಡಿ, ಈ ಈ ಆರೋಪದ ಮೇಲೆ ವಿಚಾರಣೆ ನಡೆಯಲಿ ಅಂತ ತೀರ್ಮಾನಿಸುತ್ತದೆ. ಇಂಗ್ಲಿಷಿನಲ್ಲಿ ‘ಚಾರ್ಜಸ್ ವರ್ ಫ್ರೇಮ್ಡ್’ ಅಂತ ಬರುವುದು ಇದಕ್ಕೆ. ಪೊಲೀಸರ ಚಾರ್ಜ್‌ಶೀಟ್ ಬೇರೆ, ಕೋರ್ಟು ನಿಗದಿ ಮಾಡುವ ಚಾರ್ಜ್ ಬೇರೆ. ಎರಡೂ ಶಿಕ್ಷೆ ಅಲ್ಲ. ಹೊರಿಸಿದ್ದಾರೆ ಅಷ್ಟೇ, ಸಾಬೀತಾಗಿಲ್ಲ. ಹಾಗಾಗಿ ‘ಚಾರ್ಜ್ಡ್’ ಅಂತ ಇದ್ದರೆ ಕನ್ನಡದಲ್ಲಿ ‘ಆರೋಪಿ’ ಅಂತಲೇ ಬರೆಯಿರಿ. ‘ಅಪರಾಧಿ’ ಅನ್ನಬೇಕಾದದ್ದು ‘ಕನ್ವಿಕ್ಟೆಡ್’ ಅಂತ ಬಂದಾಗ. ವಾಟ್ಸಾಪಿನಲ್ಲಿ ಸುದ್ದಿ ಅನುವಾದ ಮಾಡಿ ಹಂಚುವವರು ಇಲ್ಲಿ ಸ್ವಲ್ಪ ಕೈ ತಡೆಯಬೇಕು.

ಸರ್ಕಾರಿ ನೌಕರರ ಮೇಲಿನ ಇಲಾಖಾ ವಿಚಾರಣೆಯಲ್ಲೂ ‘ಆರ್ಟಿಕಲ್ಸ್ ಆಫ್ ಚಾರ್ಜ್’ ಅಂತ ಬರುತ್ತದೆ. ಅದಕ್ಕೂ ಪೊಲೀಸರಿಗೂ ಸಂಬಂಧ ಇರಲೇಬೇಕು ಅಂತಿಲ್ಲ.

ಐದನೇ ಹೆಜ್ಜೆ: ಹುದ್ದೆಯ ಚಾರ್ಜ್

ಇದು ಸುಲಭ. ‘ಟೇಕ್ ಚಾರ್ಜ್’ ಅಂದರೆ ಅಧಿಕಾರ ವಹಿಸಿಕೊಳ್ಳುವುದು. ‘ಹ್ಯಾಂಡ್ ಓವರ್ ಚಾರ್ಜ್’ ಅಂದರೆ ವಹಿಸಿಕೊಡುವುದು. ಜಿಲ್ಲಾ ಉಸ್ತುವಾರಿ ಸಚಿವರನ್ನು ಇಂಗ್ಲಿಷ್ ಪೇಪರುಗಳು ‘ಡಿಸ್ಟ್ರಿಕ್ಟ್ ಇನ್‌ಚಾರ್ಜ್ ಮಿನಿಸ್ಟರ್’ ಅಂತ ಬರೆಯುತ್ತವೆ. ಒಂದೇ ಒಂದು ಎಚ್ಚರ ಸಾಕು. ನಮ್ಮ ಶಾಲೆ, ಕಚೇರಿಗಳಲ್ಲಿ ‘ಇನ್‌ಚಾರ್ಜ್ ಹೆಡ್ ಮಾಸ್ಟರ್’ ಅಂದರೆ ಕಾಯಂ ಅಲ್ಲದ, ಸದ್ಯಕ್ಕೆ ನೋಡಿಕೊಳ್ಳುತ್ತಿರುವ ಪ್ರಭಾರಿ. ಹೊರದೇಶದ ಇಂಗ್ಲಿಷಿನಲ್ಲಿ ‘ಇನ್ ಚಾರ್ಜ್’ ಅಂದರೆ ಸದ್ಯಕ್ಕೆ ಅಂತ ಅರ್ಥ ಇಲ್ಲ. ಅಲ್ಲಿ ತಾತ್ಕಾಲಿಕದವರಿಗೆ ‘ಆ್ಯಕ್ಟಿಂಗ್’ ಅನ್ನುತ್ತಾರೆ.

ಆರನೇ ಹೆಜ್ಜೆ: ತುಂಬುವ ಚಾರ್ಜ್, ನುಗ್ಗುವ ಚಾರ್ಜ್

ದುರ್ಗದ ಕೋಟೆಗೆ ಹೋದವರು ಮದ್ದು ಬೀಸುವ ಕಲ್ಲುಗಳನ್ನು ನೋಡಿರುತ್ತೀರಿ. ಅಲ್ಲಿ ಅರೆದ ಮದ್ದನ್ನು ತೋಪಿಗೆ ಒಂದು ಅಳತೆಯಲ್ಲಿ ತುಂಬಬೇಕಿತ್ತು. ಒಂದು ಸಲ ತುಂಬುವ ಆ ಮದ್ದಿಗೆ ಇಂಗ್ಲಿಷಿನಲ್ಲಿ ‘ಚಾರ್ಜ್’. ಕ್ವಾರಿಯಲ್ಲಿ ಕಲ್ಲು ಸಿಡಿಸಲು ತುಂಬುವುದಕ್ಕೂ ಇವತ್ತಿಗೂ ಅದೇ ಹೆಸರು. ಬ್ಯಾಟರಿಗೆ ಕರೆಂಟು ತುಂಬುವುದೂ ಚಾರ್ಜ್ ಆದದ್ದು ಇದೇ ದಾರಿಯಲ್ಲಿ.

ನಿಮ್ಮ ಫೋನಿನ ಡಬ್ಬಿಯ ಮೇಲೆ 5000 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಅಂತ ಇರುತ್ತದೆ ಅಲ್ವಾ? ಅದು ತುಂಬುವ ಚಾರ್ಜಿನ ಅಳತೆ. ಒಂದು ಆಂಪಿಯರ್‌ನಂತೆ ಕರೆಂಟು ಎಳೆದರೆ ಲೆಕ್ಕದಲ್ಲಿ ಐದು ಗಂಟೆ ಬರುವಷ್ಟು. ವಿಜ್ಞಾನದ ಪಾಠದಲ್ಲಿ ಚಾರ್ಜ್ ಅಂದರೆ ವಿದ್ಯುದಾವೇಶ, ಅಳೆಯುವುದು ಕೂಲಂಬ್‌ನಲ್ಲಿ. ಎಲೆಕ್ಟ್ರಾನಿನದು ಋಣ, ಪ್ರೋಟಾನಿನದು ಧನ. ಈ ಧನ, ಋಣದ ಲೆಕ್ಕ ಶುರು ಮಾಡಿದವರು 18ನೇ ಶತಮಾನದ ಬೆಂಜಮಿನ್ ಫ್ರಾಂಕ್ಲಿನ್. ಕನ್ನಡ ಪಠ್ಯದವರು ‘ಆವೇಶ’ ಅಂತ ಆರಿಸಿದ್ದು ನನಗಂತೂ ಬಹಳ ಹಿಡಿಸಿದೆ. ಇಂಗ್ಲಿಷಿನಲ್ಲಿ ‘ಚಾರ್ಜ್ಡ್ ಸ್ಪೀಚ್’ ಅಂದರೂ ಆವೇಶದ ಭಾಷಣವೇ.

ನುಗ್ಗುವುದಕ್ಕೂ ಚಾರ್ಜ್. ಸೈನ್ಯ ಮುನ್ನುಗ್ಗಿದರೆ ಚಾರ್ಜ್. ಜೋಗಿಮಟ್ಟಿ ಕಾಡಿನಲ್ಲಿ ಕರಡಿ ಮೈಮೇಲೆ ಬಂದರೆ ಅದೂ ಚಾರ್ಜ್. ಪೊಲೀಸರು ಲಾಠಿ ಬೀಸಿದರೆ ‘ಲಾಠಿ ಚಾರ್ಜ್’. ಇದು ನಮ್ಮ ದೇಶದಲ್ಲೇ ಹುಟ್ಟಿದ ಜೋಡಿಪದ, ಈಗ ಇಂಗ್ಲಿಷ್ ನಿಘಂಟಿನಲ್ಲೂ ಇದೆ. ಆನೆ ನುಗ್ಗಿ ಬಂದಂತೆ ಮಾಡಿ ಅರ್ಧಕ್ಕೇ ನಿಂತರೆ ಅರಣ್ಯ ಇಲಾಖೆಯವರು ‘ಮಾಕ್ ಚಾರ್ಜ್’ ಅನ್ನುತ್ತಾರೆ. ಎದುರಿಗೆ ನಿಂತವನಿಗೆ ಅದು ಮಾಕ್ ಅಂತ ಗೊತ್ತಾಗುವುದು ಆನೆ ನಿಂತ ಮೇಲೆ.

ಏಳನೇ ಹೆಜ್ಜೆ: ಮುಂದೆ ಅಂಟಿದ ತುಂಡು ನೋಡಿ

‘ಓವರ್‌ಚಾರ್ಜ್’ ಅಂದರೆ ಜಾಸ್ತಿ ದುಡ್ಡು ತಗೊಳ್ಳುವುದು, ಇಲ್ಲವೇ ಬ್ಯಾಟರಿಗೆ ಜಾಸ್ತಿ ತುಂಬುವುದು. ‘ಸರ್‌ಚಾರ್ಜ್’ ಅಂದರೆ ಇರುವ ಹೊರೆಯ ಮೇಲೆ ಇನ್ನೊಂದು. ಇಷ್ಟು ಸಾಕು. ಸಮಯ ಕೊಡಬೇಕಾದದ್ದು ‘ಡಿಸ್‌ಚಾರ್ಜ್’ಗೆ.

‘ಡಿಸ್’ ಸೇರಿದರೆ ಹೇರಿದ್ದನ್ನು ಇಳಿಸುವುದು. ಬ್ಯಾಟರಿ ಡಿಸ್‌ಚಾರ್ಜ್ ಆದರೆ ಖಾಲಿ. ಸಾಲ ಡಿಸ್‌ಚಾರ್ಜ್ ಆದರೆ ತೀರಿತು. ಸಾಲ ತೀರಿದ ಕೂಡಲೇ ಬ್ಯಾಂಕಿನಿಂದ ಪತ್ರ ತಗೊಂಡು ಪಹಣಿಯಲ್ಲಿ, ಇಸಿಯಲ್ಲಿ ಆ ಹೊರೆ ಇಳಿಸಿಕೊಳ್ಳಿ. ದುಡ್ಡು ಕಟ್ಟಿದ್ದೇವಲ್ಲ ಅಂತ ಸುಮ್ಮನಿದ್ದರೆ ದಾಖಲೆಯಲ್ಲಿ ಅದು ಹಾಗೇ ಉಳಿಯುತ್ತದೆ. ಮಾರುವ ದಿನ ಓಡಾಟ.

ಆಸ್ಪತ್ರೆಯಲ್ಲಿ ಡಿಸ್‌ಚಾರ್ಜ್ ಅಂದರೆ ಮನೆಗೆ ಕಳಿಸುವುದು. ಆಗ ಕೊಡುವ ‘ಡಿಸ್‌ಚಾರ್ಜ್ ಸಮರಿ’ಯನ್ನು ಬಿಲ್ಲಿನ ಜೊತೆ ಮಡಚಿ ಕಳೆದುಬಿಡಬೇಡಿ. ಏನು ಕಾಯಿಲೆ, ಏನು ಚಿಕಿತ್ಸೆ, ಯಾವ ಮಾತ್ರೆ, ಮತ್ತೆ ಯಾವಾಗ ಬರಬೇಕು ಎಲ್ಲ ಅದರಲ್ಲೇ ಇರುತ್ತದೆ. ಅದೇ ಹಾಳೆಯಲ್ಲಿ ‘ಡಿಸ್‌ಚಾರ್ಜ್ ಫ್ರಮ್ ದಿ ವೂಂಡ್’ ಅಂತ ಇದ್ದರೆ ಅದು ಬೇರೆ. ಗಾಯದಿಂದ ಕೀವೋ ನೀರೋ ಬರುತ್ತಿದೆ ಅಂತ. ‘ಡಿಸ್‌ಚಾರ್ಜ್ ಅಗೇನ್ಸ್ಟ್ ಮೆಡಿಕಲ್ ಅಡ್ವೈಸ್’ ಅಂತ ಇರುವ ಕಾಗದಕ್ಕೆ ಸಹಿ ಕೇಳಿದರೆ ನಿಂತು ಓದಿ. ಡಾಕ್ಟರು ಬೇಡ ಅಂದರೂ ನಾವೇ ಕರೆದುಕೊಂಡು ಹೋಗುತ್ತಿದ್ದೇವೆ ಅಂತ ನೀವು ಬರೆದುಕೊಟ್ಟ ಹಾಗೆ.

ಕೋರ್ಟಿನಲ್ಲಿ ‘ಡಿಸ್‌ಚಾರ್ಜ್’ ಅಂದರೆ ವಿಚಾರಣೆ ಶುರುವಾಗುವ ಮೊದಲೇ, ಆರೋಪಕ್ಕೆ ಆಧಾರ ಸಾಲದು ಅಂತ ಕೈಬಿಡುವುದು. ವಿಚಾರಣೆ ಮುಗಿದ ಮೇಲೆ ಬಿಟ್ಟರೆ ಅದು ‘ಅಕ್ವಿಟಲ್’, ಖುಲಾಸೆ. ಎರಡೂ ಬಿಡುಗಡೆಯೇ, ಆದರೆ ಒಂದೇ ಅಲ್ಲ.

ನೀರಾವರಿಯವರ ಡಿಸ್‌ಚಾರ್ಜ್ ಅಂದರೆ ಹೊರಗೆ ಹರಿಯುವ ನೀರು, ಅಳತೆ ಕ್ಯೂಸೆಕ್‌ನಲ್ಲಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ನಮ್ಮ ಜಿಲ್ಲೆಯಲ್ಲಿ ಈ ಪದ ಎಲ್ಲರ ಬಾಯಲ್ಲೂ ಓಡಾಡಿತು. ಬೋರ್ ಕೊರೆಸುವವರು ಮಾತ್ರ ಇವತ್ತಿಗೂ ಡಿಸ್‌ಚಾರ್ಜ್ ಅನ್ನುವುದಿಲ್ಲ. ‘ಎರಡು ಇಂಚು ನೀರು’ ಅಂತಾರೆ.

‘ರೀಚಾರ್ಜ್’ ಅಂದರೆ ಮತ್ತೆ ತುಂಬುವುದು. ಮೊಬೈಲ್ ರೀಚಾರ್ಜಿನಲ್ಲಿ ತುಂಬುವುದು ದುಡ್ಡು, ಬ್ಯಾಟರಿಯಲ್ಲಿ ಕರೆಂಟು. ಬೋರ್‌ವೆಲ್ ರೀಚಾರ್ಜಿನಲ್ಲಿ ಮಳೆನೀರು. ಕೇಸಿಂಗ್ ಪೈಪಿನ ಸುತ್ತ ಗುಂಡಿ ತೋಡಿ, ಪೈಪಿಗೆ ತೂತು ಕೊರೆದು ಬಲೆ ಸುತ್ತಿ, ದಪ್ಪ ಕಲ್ಲು, ಜೆಲ್ಲಿ, ಮರಳು ತುಂಬಿ, ಹರಿದು ಬರುವ ನೀರನ್ನು ಸೋಸಿ ಒಳಗೆ ಇಳಿಸುವ ಕೆಲಸ. ಒಂದೇ ಹೊಲದಲ್ಲಿ ನಿಂತು ‘ರೀಚಾರ್ಜ್ ಮಾಡಿಸಿದ್ರಾ?’ ಅಂದರೆ ಫೋನಿನದೋ ಬೋರಿನದೋ ಅಂತ ಕೇಳಬೇಕಾದ ಜಿಲ್ಲೆ ನಮ್ಮದು.

ಇನ್ನು ಪರೀಕ್ಷೆಯವರು ಎಡವುವ ಜಾಗ. ‘ಹೀ ಡಿಸ್‌ಚಾರ್ಜ್ಡ್ ಹಿಸ್ ಡ್ಯೂಟೀಸ್ ವೆಲ್.’ ಕೆಲಸ ಬಿಟ್ಟ ಅಂತ ಅಲ್ಲ. ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ ಅಂತ. ಹೊತ್ತ ಹೊರೆಯನ್ನು ತಲುಪಿಸಬೇಕಾದ ಕಡೆ ತಲುಪಿಸಿ ಇಳಿಸಿದ. ‘ಹೀ ವಾಸ್ ಡಿಸ್‌ಚಾರ್ಜ್ಡ್ ಫ್ರಮ್ ಡ್ಯೂಟಿ’ ಅಂದರೆ ಮಾತ್ರ ಅವನನ್ನು ಕೆಲಸದಿಂದ ಬಿಡಿಸಿದರು.

ಕೈಗೆ ಒಂದಿಷ್ಟು ಅಭ್ಯಾಸ

ಕೆಳಗಿನ ವಾಕ್ಯಗಳಲ್ಲಿ ಏನನ್ನು ಯಾರ ಮೇಲೆ ಹೇರಿದ್ದಾರೆ ಅಂತ ಮೊದಲು ಹೇಳಿಕೊಳ್ಳಿ. ಆಮೇಲೆ ಉತ್ತರ ನೋಡಿ.

1. ದಿ ಬುಲ್ ಚಾರ್ಜ್ಡ್ ಅಟ್ ದಿ ಕ್ರೌಡ್.
2. ಹೀ ಚಾರ್ಜ್ಡ್ ದಿ ಬ್ಯಾಟರಿ ಆ್ಯಂಡ್ ಚಾರ್ಜ್ಡ್ ಮೀ ಫಾರ್ ಇಟ್.
3. ಶೀ ವಾಸ್ ಚಾರ್ಜ್ಡ್ ವಿತ್ ಕೀಪಿಂಗ್ ದಿ ಅಕೌಂಟ್ಸ್.
4. ಪುಟ್ ಇಟ್ ಆನ್ ಚಾರ್ಜ್.
5. ಚಾರ್ಜ್ ಇಟ್ ಟು ಮೈ ಅಕೌಂಟ್.

ಮೊದಲನೆಯದು: ಹೋರಿ ಜನರ ಮೇಲೆ ನುಗ್ಗಿತು. ಎರಡನೆಯದು: ಬ್ಯಾಟರಿ ಚಾರ್ಜ್ ಮಾಡಿಕೊಟ್ಟ, ಅದಕ್ಕೆ ನನ್ನ ಹತ್ತಿರ ದುಡ್ಡು ತಗೊಂಡ. ನಾಲ್ಕನೆಯದು: ಚಾರ್ಜಿಗೆ ಹಾಕು. ಐದನೆಯದು: ನನ್ನ ಲೆಕ್ಕಕ್ಕೆ ಬರಿ.

ಮೂರನೆಯದನ್ನು ಬೇಕಂತಲೇ ಕೊನೆಗೆ ಇಟ್ಟೆ. ‘ವಿತ್’ ಇದೆ, ಹಾಗಾಗಿ ಆಕೆಯ ಮೇಲೆ ಕೇಸು ಅಂತ ಓದಿದಿರಾ? ‘ವಿತ್’ ಆದ ಮೇಲೆ ಬಂದಿರುವುದು ಅಪರಾಧದ ಹೆಸರಲ್ಲ, ಕೆಲಸದ ಹೆಸರು. ಲೆಕ್ಕ ಬರೆಯುವ ಹೊಣೆಯನ್ನು ಆಕೆಗೆ ಒಪ್ಪಿಸಿದ್ದರು. ‘ಕೀಪಿಂಗ್’ ಜಾಗದಲ್ಲಿ ‘ಫಾಲ್ಸಿಫೈಯಿಂಗ್’ ಇದ್ದಿದ್ದರೆ ಲೆಕ್ಕ ತಿದ್ದಿದ ಆರೋಪ ಆಗುತ್ತಿತ್ತು.